ಆಡಳಿತ ಓದಿದವರಿಗೆ ಆಡಳಿತ ಬರುತ್ತದೆಯೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ವಿಚಾರಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿ, ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ಏನಾದರೂ ಹೇಳು" ಅಂದರು. ಒಪ್ಪಿಕೊಂಡೆ. ಆದರೆ ಕಂಪ್ಯೂಟರ್ ವಿಷಯ ನನಗಿಂತ ಚೆನ್ನಾಗಿ ಈ ಮಕ್ಕಳ ಕೈಯಲ್ಲಿರುವ ಮೊಬೈಲೇ ಹೇಳುತ್ತದೆ. ಹಾಗಾಗಿ ಇವತ್ತು ನನ್ನ ಕೆಲಸದಿಂದಲೇ ನನಗೆ ಎದುರಾದ, ಕೆಲವು ವರ್ಷಗಳಿಂದ ತಲೆ ತಿನ್ನುತ್ತಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಸಾರ್ವಜನಿಕ ಆಡಳಿತ ಎಂಬ ವಿಷಯದಲ್ಲಿ ಪದವಿ ಕೊಡುತ್ತಾರಲ್ಲ, ಅದನ್ನು ಓದಿ ಮುಗಿಸಿದವನು ಅದನ್ನು ನಿಜವಾಗಿ ಕಲಿತಿದ್ದಾನೋ ಇಲ್ಲವೋ ಅಂತ ತಿಳಿಯುವುದು ಹೇಗೆ?

"ಇದು ನಮ್ಮೂರಿಗೆ ಏನು ಸಂಬಂಧ?" ಅಂತ ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ಸಂಬಂಧ ಇದೆ. ಅದನ್ನು ಹೇಳುವುದಕ್ಕೆ ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳಬೇಕು.

ನಮ್ಮ ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ಅಮ್ಮನ ಹೆಸರಿಗೆ ಪೌತಿ ಖಾತೆ ಮಾಡಿಸಬೇಕಾಗಿತ್ತು. ನಾನು ಬೆಂಗಳೂರಿನಲ್ಲಿದ್ದೆ. ಅಮ್ಮನೇ ಬಸ್ಸಿನಲ್ಲಿ ಹೋಗಿ ಅರ್ಜಿ ಕೊಟ್ಟು ಬಂದಳು. ಸ್ವಲ್ಪ ದಿನಕ್ಕೆ ಅವಳ ಕೈಗೆ ಒಂದು ಹಿಂಬರಹ ಬಂತು. "ಸೂಕ್ತ ದಾಖಲೆಗಳ ಕೊರತೆಯ ಕಾರಣ ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ" ಅಂತ ಅದರಲ್ಲಿತ್ತು. ನಮ್ಮಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಕೊನೆಯ ಮಾತನ್ನು ಕೂಡಿಸಿಕೊಂಡು ಓದಿದಳು. ವಿಲೇವಾರಿ ಆಗಿದೆ ಅಂದರೆ ಕೆಲಸ ಆಗಿದೆ ಅಂತ ತಿಳಿದಳು. ನನಗೂ ಫೋನ್ ಮಾಡಿ, "ಆಯ್ತು ಕಣಪ್ಪ, ವಿಲೇವಾರಿ ಮಾಡಿಕೊಟ್ಟವ್ರೆ" ಅಂದಳು. ನಾಲ್ಕು ತಿಂಗಳು ನಾವಿಬ್ಬರೂ ನೆಮ್ಮದಿಯಾಗಿದ್ದೆವು. ಬೆಳೆಸಾಲಕ್ಕೆ ಪಹಣಿ ತೆಗೆಸಿದಾಗ ಗೊತ್ತಾಯಿತು, ಅದರಲ್ಲಿ ಅಪ್ಪನ ಹೆಸರೇ ಇತ್ತು. ಅರ್ಜಿ ತಿರಸ್ಕಾರ ಆಗಿತ್ತು.

ಕೊರತೆಯಾದ ದಾಖಲೆ ಯಾವುದು? ಪಹಣಿಯಲ್ಲಿ ಅಪ್ಪನ ಹೆಸರು ಒಂದು ಥರ ಇತ್ತು, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಎರಡೂ ಒಬ್ಬರದೇ ಹೆಸರು ಅಂತ ಒಂದು ಅಫಿಡವಿಟ್ ಬೇಕಿತ್ತು, ಅಷ್ಟೇ. ಆಮೇಲೆ ಅದೇ ಕಚೇರಿಗೆ ಬಂದ ಬೇರೊಬ್ಬ ನೌಕರರು ಅಮ್ಮನನ್ನು ಕೂರಿಸಿ, ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು ತೋರಿಸಿದರು. ಐದು ನಿಮಿಷದ ಕೆಲಸ. ಖಾತೆ ಆಯಿತು.

ಮೊದಲು ಹಿಂಬರಹ ಬರೆದವರನ್ನು ನಾನು ದೂರುವುದಿಲ್ಲ. ಅವರು ಲಂಚ ಕೇಳಲಿಲ್ಲ, ಬೈಯಲಿಲ್ಲ, ಕಾನೂನು ಮೀರಲಿಲ್ಲ. ವಿದ್ಯಾವಂತರು, ಸ್ನಾತಕೋತ್ತರ ಪದವಿ ಮಾಡಿದವರು ಅಂತ ಆಮೇಲೆ ಕೇಳಿದೆ. ಯಾವ ಪರೀಕ್ಷೆಯಲ್ಲಾದರೂ "ಆಡಳಿತದಲ್ಲಿ ಸಂವಹನದ ಮಹತ್ವವನ್ನು ವಿವರಿಸಿ" ಅಂತ ಹತ್ತು ಅಂಕದ ಪ್ರಶ್ನೆ ಬಂದಿದ್ದರೆ ಅವರು ಎಂಟು ಅಂಕವಾದರೂ ತೆಗೆದುಕೊಂಡಿರುತ್ತಿದ್ದರು. ಆದರೆ ಅವರು ಬರೆದ ಒಂದು ಸಾಲು ನಮ್ಮಮ್ಮನಿಗೆ ಅರ್ಥವಾಗಲಿಲ್ಲ. ಎಂಟು ಅಂಕಕ್ಕೂ ಆ ಒಂದು ಸಾಲಿಗೂ ನಡುವೆ ಇರುವ ಅಂತರವೇ ನನ್ನ ಇವತ್ತಿನ ವಿಷಯ.

ಈ ವಿಷಯದ ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ಆಡಳಿತವನ್ನು ಒಂದು ಶಾಸ್ತ್ರವಾಗಿ ಓದಬೇಕು ಎಂಬ ಮಾತಿಗೆ 1887ರಲ್ಲಿ ವುಡ್ರೊ ವಿಲ್ಸನ್ ಬರೆದ ಒಂದು ಪ್ರಬಂಧವನ್ನು ಮೂಲವಾಗಿ ತೋರಿಸುವುದು ವಾಡಿಕೆ. ಆಗ ಅವರು ಮೇಷ್ಟ್ರು, ಆಮೇಲೆ ಅಮೆರಿಕದ ಅಧ್ಯಕ್ಷರಾದರು. 1924ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸ್‌ವೆಲ್ ಸ್ಕೂಲ್ ಶುರುವಾಯಿತು. ಎಂ.ಬಿ.ಎ. ಇದ್ದ ಹಾಗೆ ಎಂ.ಪಿ.ಎ., ಅಂದರೆ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ, ಅಲ್ಲಿಂದ ಬೆಳೆಯಿತು. ಆ ಶಾಲೆಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಅದರ ಡೀನ್ ಆಗಿದ್ದ ಪಾಲ್ ಆಪಲ್‌ಬಿ ನೆಹರೂ ಅವರ ಕಾಲದಲ್ಲಿ ಇಲ್ಲಿಗೆ ಬಂದು, ನಮ್ಮ ಆಡಳಿತವನ್ನು ನೋಡಿ, 1953ರಲ್ಲಿ ಒಂದು ವರದಿ ಕೊಟ್ಟರು. ಅದರ ಮರುವರ್ಷ, 1954ರಲ್ಲಿ, ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಹುಟ್ಟಿತು. ಇವತ್ತು ನಮ್ಮ ರಾಜ್ಯದಲ್ಲೂ ಈ ವಿಷಯವನ್ನು ಓದುವವರು ಬಹಳ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಲೇ ಎಂ.ಎ. ಕಟ್ಟಿದವರು ಈ ಸಭೆಯಲ್ಲೇ ಇದ್ದಾರೆ. ಐ.ಎ.ಎಸ್. ಪರೀಕ್ಷೆಗೆ ಇದನ್ನೇ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವವರೂ ಇದ್ದಾರೆ.

ನಾನು ಬಿ.ಇ. ಮಾಡಿದವನು. ನನಗೆ ಈ ವಿಷಯದ ಪರಿಚಯ ಆದದ್ದು ಹೊಟ್ಟೆಪಾಡಿನಿಂದ. ನಾನು ಕೆಲಸ ಮಾಡುತ್ತಿದ್ದ ಒಂದು ಕಂಪನಿ ಕಾಲೇಜುಗಳಿಗೆ ತಂತ್ರಾಂಶ ಮಾಡಿಕೊಡುತ್ತಿತ್ತು. ವಿದ್ಯಾರ್ಥಿಗಳ ಅಂಕಗಳನ್ನು ಹಾಕಿದರೆ, ಯಾವ ಸಾಮರ್ಥ್ಯವನ್ನು ಎಷ್ಟರ ಮಟ್ಟಿಗೆ ಕಲಿತಿದ್ದಾರೆ ಅಂತ ಪಟ್ಟಿ, ಚಿತ್ರ, ಬಣ್ಣ ಎಲ್ಲ ಹಾಕಿ ತೋರಿಸುವುದು ಅದರ ಕೆಲಸ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದಕ್ಕೆ ಬಹಳ ಬೇಡಿಕೆ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ, ಮಾನ್ಯತೆ ಬೇಕಾದ ಕಾಲೇಜು "ಏನು ಪಾಠ ಮಾಡಿದೆವು" ಅಂತ ಹೇಳಿದರೆ ಸಾಲದು, "ಮಕ್ಕಳು ಏನು ಕಲಿತರು" ಅಂತ ತೋರಿಸಬೇಕು. ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್ ಕೂಡ ಪದವಿ ಕಾಲೇಜುಗಳಿಗೆ ಇದನ್ನೇ ಕೇಳುತ್ತದೆ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಹೇಳಬೇಕು. ನಾವು ಮಾಡಿದ್ದು ಏನು ಗೊತ್ತೆ? ಪ್ರಶ್ನೆಪತ್ರಿಕೆಯ ಪ್ರತಿ ಪ್ರಶ್ನೆಗೂ ಒಂದು ಚೀಟಿ ಅಂಟಿಸುವುದು. ಮೂರನೇ ಪ್ರಶ್ನೆ "ಸಂವಹನ", ಐದನೇ ಪ್ರಶ್ನೆ "ನೈತಿಕತೆ", ಹೀಗೆ. ಆ ಪ್ರಶ್ನೆಗೆ ಬಂದ ಅಂಕಗಳನ್ನು ಕೂಡಿಸಿ, ಭಾಗಿಸಿ, ಒಂದು ಸೂತ್ರಕ್ಕೆ ಹಾಕಿದರೆ "ನೈತಿಕತೆ: ಗುರಿ ಸಾಧಿಸಲಾಗಿದೆ" ಅಂತ ಹಸಿರು ಬಣ್ಣದಲ್ಲಿ ಬರುತ್ತದೆ. ಆ ಸೂತ್ರ ಬರೆದವನು ನಾನು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ನೈತಿಕತೆಯ ಮೂರು ಸಿದ್ಧಾಂತಗಳ ಹೆಸರು ಬರೆದವನಿಗೆ ನೈತಿಕತೆ ಇದೆ ಅಂತ ಹೇಳುವುದು ಹೇಗಾಯಿತು? ಕೊಳಗದಲ್ಲಿ ರಾಗಿ ಅಳೆಯಬಹುದು. ಅದೇ ಕೊಳಗದಿಂದ ಹಸುವಿನ ಸಾಧುತನ ಅಳೆಯಲು ಹೋದರೆ ಹೇಗೆ? ಆಗ ನನಗೆ ಇದು ಹೊಳೆಯಲೇ ಇಲ್ಲ. ಪಟ್ಟಿ ಹಸಿರಾದರೆ ಕಾಲೇಜಿನವರಿಗೆ ಸಂತೋಷ, ಅವರಿಗೆ ಸಂತೋಷವಾದರೆ ನಮ್ಮ ಮ್ಯಾನೇಜರ್‌ಗೆ ಸಂತೋಷ.

ಹೀಗಿರುವಾಗ ಅಮೆರಿಕದ ಒಂದು ಎಂ.ಪಿ.ಎ. ವಿಭಾಗದವರು ನಮ್ಮ ತಂತ್ರಾಂಶ ನೋಡಲು ಬಂದರು. ರಾತ್ರಿ ಹೊತ್ತು ವಿಡಿಯೊ ಕರೆಯಲ್ಲಿ ನಾನೇ ತೋರಿಸುತ್ತಿದ್ದೆ. ಹಸಿರು ಪಟ್ಟಿ ಬಂತು. ಅಲ್ಲಿದ್ದ ಒಬ್ಬ ಹಿರಿಯ ಅಧ್ಯಾಪಕಿ ಸುಮ್ಮನೆ ನೋಡಿ, "ಚೆನ್ನಾಗಿದೆ. ಈಗ ಆ ವಿದ್ಯಾರ್ಥಿ ಬರೆದದ್ದನ್ನು ತೋರಿಸಿ" ಅಂದರು. ನನ್ನ ಹತ್ತಿರ ಇರಲಿಲ್ಲ. ನಮ್ಮ ತಂತ್ರಾಂಶದಲ್ಲಿ ಅಂಕಕ್ಕೆ ಜಾಗವಿತ್ತು, ಬಣ್ಣಕ್ಕೆ ಜಾಗವಿತ್ತು, ವಿದ್ಯಾರ್ಥಿ ಬರೆದದ್ದಕ್ಕೆ ಜಾಗವೇ ಇರಲಿಲ್ಲ. ಆ ರಾತ್ರಿ ನನಗೆ ನಮ್ಮಮ್ಮನ ಹಿಂಬರಹ ನೆನಪಾಯಿತು.

ಆ ವಿಭಾಗದವರು ಹೇಗೆ ಅಳೆಯುತ್ತಾರೆ ಅಂತ ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಗುರುಗಳಿಗೆ ಇದು ಉಪಯೋಗಕ್ಕೆ ಬರಬಹುದು.

ಅಮೆರಿಕದಲ್ಲಿ ಇಂಥ ಪದವಿಗಳಿಗೆ ಮಾನ್ಯತೆ ಕೊಡುವ ವ್ಯವಸ್ಥೆ ನಾಸ್ಪಾ ಎಂಬ ಸಂಘಟನೆಯದು. 1970ರಲ್ಲಿ ಹುಟ್ಟಿದ್ದು. ಬಹಳ ಕಾಲ ಎಷ್ಟು ಅಧ್ಯಾಪಕರಿದ್ದಾರೆ, ಯಾವ ಯಾವ ಪಾಠಗಳಿವೆ ಎಂಬಂಥ ಲೆಕ್ಕಕ್ಕೆ ಹೆಚ್ಚು ತೂಕವಿತ್ತು. 2009ರಲ್ಲಿ ಅವರು ತಮ್ಮ ಮಾನದಂಡ ಬದಲಿಸಿ, ಕಲಿಕೆಯನ್ನೇ ಮುಂದಕ್ಕೆ ತಂದರು. ಐದು ಸಾಮರ್ಥ್ಯಗಳನ್ನು ಹೆಸರಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಒಂದು, ಜನರ ಹಿತಕ್ಕಾಗಿ ಮುಂದಾಳುತನ ವಹಿಸಿ ಕೆಲಸ ನಡೆಸುವುದು. ಎರಡು, ನೀತಿ ರೂಪಿಸುವ ಕೆಲಸದಲ್ಲಿ ಭಾಗವಹಿಸುವುದು. ಮೂರು, ಆಧಾರ ನೋಡಿ, ವಿಚಾರ ಮಾಡಿ, ತೀರ್ಮಾನ ತೆಗೆದುಕೊಳ್ಳುವುದು. ನಾಲ್ಕು, ಸಾರ್ವಜನಿಕ ಸೇವೆಯ ದೃಷ್ಟಿಯನ್ನು ಮಾತಿನಲ್ಲೂ ಕೆಲಸದಲ್ಲೂ ತೋರಿಸುವುದು. ಐದು, ಬೇರೆ ಬೇರೆ ಹಿನ್ನೆಲೆಯ ಜನರೊಂದಿಗೆ ಅವರಿಗೆ ತಿಳಿಯುವಂತೆ ಮಾತಾಡಿ ವ್ಯವಹರಿಸುವುದು.

ಇದರಲ್ಲಿ ನನಗೆ ಮೆಚ್ಚುಗೆಯಾದ ಅಂಶ ಒಂದಿದೆ. ಈ ಐದರ ಅರ್ಥ ಏನು ಅಂತ ಮೇಲಿನವರು ಹೇಳಿ ಕಳಿಸುವುದಿಲ್ಲ. ಪ್ರತಿ ವಿಭಾಗವೂ ತನ್ನ ಉದ್ದೇಶಕ್ಕೆ ತಕ್ಕಂತೆ ತಾನೇ ಬಿಡಿಸಿ ಬರೆಯಬೇಕು. ನಗರಪಾಲಿಕೆಗೆ ಜನರನ್ನು ತಯಾರು ಮಾಡುವ ವಿಭಾಗದಲ್ಲಿ "ಸಂವಹನ" ಅಂದರೆ ಒಂದು, ಸ್ವಯಂಸೇವಾ ಸಂಸ್ಥೆಗಳಿಗೆ ತಯಾರು ಮಾಡುವಲ್ಲಿ ಇನ್ನೊಂದು.

ಮುಂದಿನ ಹೆಜ್ಜೆ, ಸಾಕ್ಷ್ಯ ಕೂಡಿಸುವುದು. ಸಾಕ್ಷ್ಯದಲ್ಲಿ ಎರಡು ಬಗೆ. ನೇರ ಸಾಕ್ಷ್ಯ ಎಂದರೆ ವಿದ್ಯಾರ್ಥಿ ಮಾಡಿದ ಕೆಲಸವೇ: ಅವನು ಬರೆದ ಟಿಪ್ಪಣಿ, ಒಂದು ಊರಿನ ಬಜೆಟ್ಟಿನ ವಿಶ್ಲೇಷಣೆ, ಕೊನೆಯ ವರ್ಷದಲ್ಲಿ ಯಾವುದಾದರೂ ಕಚೇರಿಗೆ ಮಾಡಿಕೊಟ್ಟ ಯೋಜನೆ. ಪರೋಕ್ಷ ಸಾಕ್ಷ್ಯ ಎಂದರೆ ಬೇರೆಯವರ ಅಭಿಪ್ರಾಯ: ಹಳೆಯ ವಿದ್ಯಾರ್ಥಿಗಳನ್ನು ಕೇಳುವುದು, ಕೆಲಸ ಕೊಟ್ಟವರನ್ನು ಕೇಳುವುದು. "ನೀನು ಚೆನ್ನಾಗಿ ಕಲಿತೆಯಾ?" ಅಂತ ವಿದ್ಯಾರ್ಥಿಯನ್ನೇ ಕೇಳುವುದೂ ಪರೋಕ್ಷವೇ. ಹೌದು ಅನ್ನುವವನಿಗೆ ಅಡಿಗೆ ಬರುತ್ತದೋ ಇಲ್ಲವೋ ಉಂಡು ನೋಡಿದ ಮೇಲೇ ಗೊತ್ತಾಗುವುದು. ಹಾಗಾಗಿ ಎರಡೂ ಬೇಕು, ಆದರೆ ನೇರ ಸಾಕ್ಷ್ಯ ಇಲ್ಲದೆ ಆಗುವುದಿಲ್ಲ.

"ಅಂಕಪಟ್ಟಿ ಇದೆಯಲ್ಲ, ಅದೇ ನೇರ ಸಾಕ್ಷ್ಯ ಅಲ್ಲವೆ?" ಅಂತ ಕೇಳಬಹುದು. ಒಂದು ವಿಷಯದಲ್ಲಿ 72 ಅಂಕ ಬಂತು ಅನ್ನಿ. ಅದರೊಳಗೆ ಹಾಜರಾತಿ ಇದೆ, ಬರವಣಿಗೆ ಇದೆ, ಬಾಯಿಪಾಠ ಇದೆ, ಸಮಯಕ್ಕೆ ಸರಿಯಾಗಿ ಒಪ್ಪಿಸಿದ್ದಿದೆ. ಎಲ್ಲ ಕಲಸಿದ ಮೇಲೆ ಅನ್ನ ಎಷ್ಟು, ಸಾರು ಎಷ್ಟು ಅಂತ ಹೇಳಲಾಗದು. ಅವನಿಗೆ ಬಜೆಟ್ ಓದಲು ಬರುತ್ತದೆಯೆ ಎಂಬ ಪ್ರಶ್ನೆಗೆ 72 ಎಂಬುದು ಉತ್ತರ ಕೊಡುವುದಿಲ್ಲ.

ಹಾಗಾದರೆ ಟಿಪ್ಪಣಿಯನ್ನು ಅಳೆಯುವುದು ಹೇಗೆ? ಒಬ್ಬ ಮೇಷ್ಟ್ರಿಗೆ ಚೆನ್ನಾಗಿ ಕಂಡದ್ದು ಇನ್ನೊಬ್ಬರಿಗೆ ಸಪ್ಪೆ ಕಾಣಬಹುದು. ಅದಕ್ಕೆ ಅವರು ರೂಬ್ರಿಕ್ ಎಂಬ ಮೆಟ್ಟಿಲುಪಟ್ಟಿ ಮಾಡಿಕೊಳ್ಳುತ್ತಾರೆ. ನಮ್ಮ ಅಧ್ಯಾಪಕರಿಗೆ ಇದು ಹೊಸದಲ್ಲ, ಯೋಜನಾ ಕಾರ್ಯ ನೋಡುವಾಗ ನೀವೂ ಮಾಡುತ್ತೀರಿ. ನಾನು ನಮ್ಮಮ್ಮನ ಹಿಂಬರಹಕ್ಕೆ ಒಂದು ಮೆಟ್ಟಿಲುಪಟ್ಟಿ ಮಾಡಿದ್ದೇನೆ, ಕೇಳಿ.

ಮೊದಲ ಮೆಟ್ಟಿಲು: ಓದಿದವರಿಗೆ ಅರ್ಜಿ ಆಯಿತೋ ಇಲ್ಲವೋ ಎಂಬುದೇ ತಿಳಿಯದು. ಎರಡನೆಯದು: ಆಗಲಿಲ್ಲ ಅಂತ ತಿಳಿಯುತ್ತದೆ, ಯಾಕೆ ಅಂತ ತಿಳಿಯದು. ಮೂರನೆಯದು: ಯಾಕೆ ಆಗಲಿಲ್ಲ, ಯಾವ ಕಾಗದ ತರಬೇಕು ಎರಡೂ ತಿಳಿಯುತ್ತದೆ. ನಾಲ್ಕನೆಯದು: ಏನು ತರಬೇಕು, ಎಲ್ಲಿ ಸಿಗುತ್ತದೆ, ಎಷ್ಟು ದಿನದೊಳಗೆ ಕೊಡಬೇಕು, ಒಪ್ಪಿಗೆ ಇಲ್ಲದಿದ್ದರೆ ಯಾರಿಗೆ ಮೇಲ್ಮನವಿ ಮಾಡಬೇಕು ಎಲ್ಲವೂ ತಿಳಿಯುತ್ತದೆ.

ಈಗ ಒಂದು ತರಗತಿಯ ವಿದ್ಯಾರ್ಥಿಗಳಿಗೆ ಅದೇ ಕಡತ ಕೊಟ್ಟು, ಹಿಂಬರಹ ಬರೆಯಿರಿ ಅನ್ನಿ. ಇಬ್ಬರು ಅಧ್ಯಾಪಕರು ಬೇರೆ ಬೇರೆ ಕೂತು ಓದಿ ಮೆಟ್ಟಿಲು ಗುರುತು ಹಾಕಲಿ. ಇಬ್ಬರ ಗುರುತು ಬಹಳ ವ್ಯತ್ಯಾಸವಾದರೆ ಪಟ್ಟಿಯ ಮಾತು ಸ್ಪಷ್ಟವಾಗಿಲ್ಲ ಅಂತ ಅರ್ಥ. ಕೂತು ಮಾತಾಡಿ, ತಿದ್ದಿ, ಮತ್ತೆ ಓದಬೇಕು. ಕೊನೆಗೆ, ನಾಲ್ಕನೇ ಕ್ಲಾಸು ಓದಿದ ಒಬ್ಬ ತಾಯಿಗೆ ಆ ಕಾಗದ ಕೊಟ್ಟು, "ಅಮ್ಮಾ, ನಾಳೆ ನೀವು ಏನು ಮಾಡಬೇಕು ಹೇಳಿ" ಅಂತ ಕೇಳಬೇಕು. ಅವರು ಸರಿಯಾಗಿ ಹೇಳಿದರೆ ವಿದ್ಯಾರ್ಥಿ ಪಾಸು. "ಸಂವಹನದ ಮಹತ್ವವನ್ನು ವಿವರಿಸಿ" ಎಂಬ ಪ್ರಶ್ನೆ ಅಳೆಯದೆ ಬಿಟ್ಟದ್ದನ್ನು ಇದು ಅಳೆಯುತ್ತದೆ.

ಬಿ.ಎಡ್. ಓದಿದ ಗುರುಗಳಿಗೆ 1956ರ ಬ್ಲೂಮ್ ಅವರ ವರ್ಗೀಕರಣ ನೆನಪಾಗಿರಬಹುದು. ನೆನಪಿಡುವುದು ಕೆಳಗಿನ ಮೆಟ್ಟಿಲು, ಬಳಸುವುದು, ಬಿಡಿಸಿ ನೋಡುವುದು, ಹೊಸದಾಗಿ ಕಟ್ಟುವುದು ಮೇಲಿನವು. ಆಡಳಿತ ಎಂಬುದು ಪೂರ್ತಿ ಮೇಲಿನ ಮೆಟ್ಟಿಲುಗಳ ಕೆಲಸ. ಪರೀಕ್ಷೆಯನ್ನು ಮಾತ್ರ ನಾವು ಬಹುಪಾಲು ಕೆಳಗಿನ ಮೆಟ್ಟಿಲಲ್ಲಿ ಕೂತು ಮಾಡುತ್ತೇವೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ನಮ್ಮ ಹಿರಿಯರು ಹೇಳಿದ ಲೆಕ್ಕದಲ್ಲಿ ನಾವು ಒಕ್ಕಾಲನ್ನು ಅಳೆದು ಪೂರ್ತಿ ಪದವಿ ಕೊಡುತ್ತಿದ್ದೇವೆ.

ಅಳೆದ ಮೇಲೆ ಇನ್ನೊಂದು ಹೆಜ್ಜೆ ಇದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ, ಹೆಚ್ಚಾಗಿ ತಪ್ಪಿಹೋಗುವುದೂ ಅದೇ. ತರಗತಿಯ ಬಹುಪಾಲು ಮಂದಿ ಎರಡನೇ ಮೆಟ್ಟಿಲಲ್ಲೇ ನಿಂತಿದ್ದಾರೆ ಅಂತ ಗೊತ್ತಾಯಿತು ಅನ್ನಿ. ಆಗ ಅಧ್ಯಾಪಕರು ಸಭೆ ಸೇರಿ ಪಾಠದಲ್ಲಿ ಏನು ಬದಲಿಸಬೇಕು ಅಂತ ತೀರ್ಮಾನಿಸಬೇಕು. ಬಹುಶಃ ಮೊದಲ ವರ್ಷದಲ್ಲೇ ಹಿಂಬರಹ ಬರೆಸುವ ಅಭ್ಯಾಸ ಬೇಕು. ಬಹುಶಃ ಒಂದು ವಾರ ಕಚೇರಿಯ ಕೌಂಟರ್ ಎದುರು, ಜನರ ಪಕ್ಕ, ಅವರನ್ನು ನಿಲ್ಲಿಸಬೇಕು. ಬದಲಿಸಿದ ಮೇಲೆ ಮುಂದಿನ ವರ್ಷ ಮತ್ತೆ ಅಳೆದು, ಮೂರನೇ ಮೆಟ್ಟಿಲಿಗೆ ಬಂದರೋ ನೋಡಬೇಕು. ಈ ಸುತ್ತು ಪೂರ್ತಿಯಾಗಿದೆ ಅಂತ ತೋರಿಸಿ ಅಂತಲೇ ಮಾನ್ಯತೆ ಕೊಡುವವರು ಕೇಳುತ್ತಾರೆ. ಒಮ್ಮೆ ಕೊಟ್ಟ ಮಾನ್ಯತೆ ಹೆಚ್ಚೆಂದರೆ 7 ವರ್ಷ. ಆಮೇಲೆ ಮತ್ತೆ ತೋರಿಸಬೇಕು. ಹಸುವನ್ನು ದಿನಾ ತೂಗಿದರೆ ಹಾಲು ಹೆಚ್ಚುವುದಿಲ್ಲ, ತೂಗಿ ನೋಡಿ ಮೇವು ಬದಲಿಸಬೇಕು.

ಇಲ್ಲಿ ಇನ್ನೊಂದು ಸಮಾಧಾನದ ಸಂಗತಿ ಇದೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಪಾಠಕ್ರಮ, ಒಬ್ಬೊಬ್ಬ ವಿದ್ಯಾರ್ಥಿ ಅಲ್ಲ. ಆದ್ದರಿಂದ ಎಲ್ಲರ ಕಾಗದವನ್ನೂ ಓದಬೇಕಿಲ್ಲ, ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ ಓದಿದರೆ ಸಾಕು. ಒಂದು ಅಗುಳು ಹಿಸುಕಿ ನೋಡಿ ಅನ್ನ ಬೆಂದಿದೆಯೆ ಅಂತ ನಮ್ಮ ತಾಯಂದಿರು ಹೇಳುತ್ತಾರಲ್ಲ, ಹಾಗೆ. ಐದು ಸಾಮರ್ಥ್ಯಗಳನ್ನೂ ಒಂದೇ ವರ್ಷ ಅಳೆಯಬೇಕೆಂದೂ ಇಲ್ಲ, ವರ್ಷಕ್ಕೆ ಒಂದೊ ಎರಡೊ ತೆಗೆದುಕೊಂಡರೆ ಆಗುತ್ತದೆ. ಕೆಲಸದ ಹೊರೆ ಹೊತ್ತ ಮೇಷ್ಟ್ರುಗಳಿಗೂ ಇದು ಸಾಧ್ಯ.

ಆದರೆ ಇದು ಹಾಳಾಗುವ ಬಗೆಯನ್ನೂ ಹೇಳಬೇಕು. ಅಳತೆಯನ್ನು ಮೇಷ್ಟ್ರಿಗೆ ದಂಡ ಹಾಕಲು ಬಳಸಿದ ದಿನ ಎಲ್ಲ ಪಟ್ಟಿಯೂ ಹಸಿರಾಗುತ್ತದೆ. ಮಕ್ಕಳು ಎರಡನೇ ಮೆಟ್ಟಿಲಲ್ಲಿದ್ದಾರೆ ಅಂತ ಪ್ರಾಮಾಣಿಕವಾಗಿ ಬರೆದವರಿಗೆ ನೋಟಿಸು ಬಂದರೆ, ಮುಂದಿನ ವರ್ಷ ಯಾರು ನಿಜ ಬರೆಯುತ್ತಾರೆ? ನಾನು ಕಂಡ ಹಲವು ಕಡೆ ಆಗಿರುವುದು ಇದೇ. ಮಾನ್ಯತೆಯ ತಂಡ ಬರುವ ತಿಂಗಳು ರಾತ್ರಿಯೆಲ್ಲ ಕೂತು ಕಡತ ತುಂಬಿಸುತ್ತಾರೆ. ತಂಡ ಹೋದ ಮೇಲೆ ಕಡತ ಬೀರುವಿಗೆ ಹೋಗುತ್ತದೆ. ಆ ಕಡತಗಳಿಗೆ ಬೇಕಾದ ಹಸಿರು ಬಣ್ಣ ನನ್ನ ತಂತ್ರಾಂಶವೇ ಕೊಡುತ್ತಿತ್ತು ಎಂಬುದು ನನಗೆ ಇವತ್ತಿಗೂ ಸಂಕಟದ ವಿಷಯ. ಆ ರಾತ್ರಿಯ ಕರೆಯ ಮೇಲೆ ನಾನು ಹಟ ಹಿಡಿದು, ವಿದ್ಯಾರ್ಥಿಯ ಬರಹವನ್ನೇ ಇಡುವ, ಇಬ್ಬರು ಬೇರೆ ಬೇರೆ ಓದುವ ಒಂದು ಭಾಗವನ್ನು ಸೇರಿಸಿದೆ. ಅದನ್ನು ಬಳಸಿದವರು ಕಡಿಮೆ. ಹಸಿರು ಪಟ್ಟಿಯ ಗುಂಡಿ ಒಂದೇ ಸಲ ಒತ್ತಿದರೆ ಸಾಕು, ಇದಕ್ಕೆ ಕೂತು ಓದಬೇಕಲ್ಲ.

ಅಳತೆಗೆ ಸಿಗದ ಸಂಗತಿಗಳೂ ಇವೆ. ಐದರಲ್ಲಿ ನಾಲ್ಕನೆಯದು, ಸೇವೆಯ ದೃಷ್ಟಿ, ಅದನ್ನು ಅಳೆಯುವುದು ಹೇಗೆ? ಧರ್ಮಸಂಕಟದ ಒಂದು ಪ್ರಸಂಗ ಕೊಟ್ಟು ಏನು ಮಾಡುತ್ತೀರಿ ಅಂತ ಬರೆಸುತ್ತಾರೆ, ತರಬೇತಿಗೆ ಹೋದ ಕಚೇರಿಯ ಮೇಲಧಿಕಾರಿಯನ್ನು ಕೇಳುತ್ತಾರೆ. ಇವೆಲ್ಲ ಒಳ್ಳೆಯವೇ. ಆದರೆ ಕಾಗದದ ಮೇಲೆ ಎಲ್ಲರೂ ಹರಿಶ್ಚಂದ್ರರು. ಕುರ್ಚಿಯಲ್ಲಿ ಕೂತು ಹತ್ತು ವರ್ಷ ಆದ ಮೇಲೆ, ಯಾರೂ ನೋಡದಿರುವಾಗ ಏನು ಮಾಡುತ್ತಾರೆ ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ಮುಂಚೆ ಅಳೆಯಲಾರದು. ವಿಧಾನಸೌಧದ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಕೆತ್ತಿದ್ದಾರೆ. ಅದಕ್ಕೆ ಅಂಕ ಹಾಕಲು ಸಾಧ್ಯವಿಲ್ಲ. ಆದರೆ ಹಿಂಬರಹದ ಒಂದು ಸಾಲಿಗೆ ಹಾಕಬಹುದು. ಅಳೆಯಬಹುದಾದದ್ದನ್ನಾದರೂ ಸರಿಯಾಗಿ ಅಳೆಯೋಣ ಎಂಬುದಷ್ಟೇ ನನ್ನ ಮಾತು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. 2012ರಲ್ಲಿ ಸಕಾಲ ಬಂತು. ಅರ್ಜಿ ಕೊಟ್ಟ ದಿನವೇ ಒಂದು ಸಂಖ್ಯೆ, ಇಷ್ಟು ದಿನದಲ್ಲಿ ಉತ್ತರ ಕೊಡಬೇಕೆಂಬ ಗಡುವು, ತಡವಾದರೆ ಪರಿಹಾರ. ಜನಸಾಮಾನ್ಯನಿಗೆ ಇದು ದೊಡ್ಡ ಬಲ. ಅದು ದಿನವನ್ನು ಎಣಿಸುತ್ತದೆ. ನಮ್ಮಮ್ಮನ ಅರ್ಜಿಗೂ ಗಡುವಿನೊಳಗೇ ಉತ್ತರ ಬಂದಿತ್ತು! ಉತ್ತರ ಬಂತೆ ಎಂಬುದನ್ನು ಯಂತ್ರ ಎಣಿಸುತ್ತದೆ, ಉತ್ತರ ತಿಳಿಯಿತೆ ಎಂಬುದನ್ನು ಮನುಷ್ಯನೇ ನೋಡಬೇಕು. ಅದನ್ನು ನೋಡುವ ಅಭ್ಯಾಸ ಅವನಿಗೆ ಓದುವ ಕಾಲದಲ್ಲೇ ಆಗಬೇಕು.

ಇಷ್ಟೆಲ್ಲ ಅಮೆರಿಕ, ದೆಹಲಿ ಅಂತ ಹೇಳಿದವನು ಈಗ ಈ ಶಾಲೆಯ ಅಂಗಳಕ್ಕೆ ಬರುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು ಸ್ಥಳೀಯ ಸರ್ಕಾರದ ಪಾಠ ಬಂದಾಗ ಪುಸ್ತಕ ಮುಚ್ಚಿಸಿದರು. "ನಿಮ್ಮ ನಿಮ್ಮ ಬೀದಿಯಲ್ಲಿ ಏನು ತೊಂದರೆ ಇದೆ, ಪಂಚಾಯಿತಿಗೆ ಅರ್ಜಿ ಬರೆದು ತನ್ನಿ" ಅಂದರು. ನಮ್ಮ ಬೀದಿಯ ಕೈಪಂಪು ಕೆಟ್ಟಿತ್ತು. ನಾನು ಎರಡು ಪುಟ ಬರೆದೆ. ನೀರು ಜೀವಜಲ, ನೀರಿಲ್ಲದೆ ಬದುಕಿಲ್ಲ ಅಂತ ಶುರುಮಾಡಿದ್ದೆ. ಮೇಷ್ಟ್ರು ಓದಿ ಹಿಂದಕ್ಕೆ ಕೊಟ್ಟು, "ಇದನ್ನು ಓದಿದ ಕಾರ್ಯದರ್ಶಿ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಗೊತ್ತಾಗುತ್ತೇನೋ?" ಅಂದರು. ಗೊತ್ತಾಗುತ್ತಿರಲಿಲ್ಲ. ಮತ್ತೆ ಬರೆದೆ. ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ಐದು ಸಾಲು ಬರೆದೆ: ಯಾವ ಬೀದಿ, ಯಾವ ಪಂಪು, ಎಂದಿನಿಂದ ಕೆಟ್ಟಿದೆ, ಏನು ಕೆಟ್ಟಿದೆ, ಎಷ್ಟು ಮನೆಗೆ ತೊಂದರೆ. ಮೇಷ್ಟ್ರು ಅದಕ್ಕೆ ಅಂಕ ಹಾಕಲಿಲ್ಲ. "ಹೋಗಿ ಕೊಟ್ಟು ಬಾ" ಅಂದರು. ಕೊಟ್ಟು ಬಂದೆ. ಪಂಪು ರಿಪೇರಿಯಾಗಲು ಒಂದೂವರೆ ತಿಂಗಳು ಹಿಡಿಯಿತು, ಅದು ಬೇರೆ ಮಾತು.

ಅವರು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸರ್, ಆವತ್ತು ನೀವು ಮಾಡಿದ್ದು ಏನು ಅಂತ ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು. ನೀವು ಕೊಟ್ಟದ್ದು ನಿಜವಾದ ಕೆಲಸ, ಹಾಕಿದ್ದು ಒಂದೇ ಅಳತೆ, ಆ ಅಳತೆಯಲ್ಲಿ ಸೋತಾಗ ಬೈಯದೆ ಮತ್ತೆ ಬರೆಸಿದಿರಿ.

ಈ ಶಾಲೆಯಿಂದ ಹೋದವರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳಿದ್ದಾರೆ, ಪಿ.ಡಿ.ಒ.ಗಳಿದ್ದಾರೆ, ಪೊಲೀಸರಿದ್ದಾರೆ, ಶುಶ್ರೂಷಕಿಯರಿದ್ದಾರೆ, ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವರಿದ್ದಾರೆ. ಅವರಿಗೆ ನನ್ನದೊಂದು ಸಣ್ಣ ಕೋರಿಕೆ. ವರ್ಷಕ್ಕೆ ಎರಡು ಸಲ ಇಲ್ಲಿಗೆ ಬನ್ನಿ. ನಿಮ್ಮ ಕಚೇರಿಯಿಂದ ಹೆಸರು ಅಳಿಸಿದ ಒಂದು ಹಿಂಬರಹ ತನ್ನಿ. ಒಂಬತ್ತನೇ ತರಗತಿಯ ಮಕ್ಕಳಿಂದ ಅದನ್ನು ತಿಳಿಯುವ ಹಾಗೆ ಮತ್ತೆ ಬರೆಸೋಣ. ಬರೆದದ್ದನ್ನು ಊರಿನ ತಾಯಂದಿರೇ ಓದಿ ಅಥವಾ ಕೇಳಿ ತೀರ್ಪು ಹೇಳಲಿ. ಮಕ್ಕಳ ಗ್ರಾಮಸಭೆ ಹೇಗೂ ನಡೆಯುತ್ತದೆ, ಅದರಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಪಂಚಾಯಿತಿ ಕೊಟ್ಟ ಉತ್ತರವನ್ನೂ ಇದೇ ನಾಲ್ಕು ಮೆಟ್ಟಿಲಿನಲ್ಲಿ ಮಕ್ಕಳೇ ಅಳೆಯಲಿ. ಅಧ್ಯಕ್ಷರು ನಗುತ್ತಿದ್ದಾರೆ, ಒಪ್ಪಿಗೆ ಅಂತ ತಿಳಿಯುತ್ತೇನೆ. ಎಸ್.ಎಸ್.ಎಲ್.ಸಿ.ಯ ಹೆಚ್ಚಿನ ವಿಷಯಗಳಲ್ಲಿ 80 ಅಂಕ ಬರವಣಿಗೆಯ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಇದೆ. ಆ 20 ಅಂಕವನ್ನು ಎಲ್ಲರಿಗೂ ಧಾರಾಳವಾಗಿ ಹಂಚಿಬಿಡುವ ಬದಲು ಇಂಥ ಒಂದು ಕೆಲಸಕ್ಕೆ ಸ್ವಲ್ಪ ಬಳಸಲು ಸಾಧ್ಯವೆ ಅಂತ ಗುರುಗಳು ಯೋಚಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಓದುತ್ತಿರುವ ಗೆಳೆಯರಿಗೂ ಒಂದು ಮಾತು. ವಿಶ್ವವಿದ್ಯಾಲಯ ಪರೀಕ್ಷೆಯ ಪದ್ಧತಿ ಬದಲಿಸುವವರೆಗೆ ಕಾಯಬೇಡಿ. ನಿಮ್ಮನ್ನು ನೀವೇ ಅಳೆದುಕೊಳ್ಳಬಹುದು. ಸಿದ್ಧಾಂತ ಓದಿ, ಅಂಕವನ್ನೂ ತೆಗೆಯಿರಿ, ಅದು ಬೇಕು. ವಾರಕ್ಕೊಮ್ಮೆ ನಿಮ್ಮ ಅಮ್ಮನ ಮುಂದೆ ಕೂತು ಒಂದು ಸರ್ಕಾರಿ ಆದೇಶವನ್ನು ಅವಳಿಗೆ ತಿಳಿಯುವ ಹಾಗೆ ಹೇಳಿ ನೋಡಿ.

ನಮ್ಮಮ್ಮ ಇವತ್ತು ಸಭೆಗೆ ಬಂದಿದ್ದಾಳೆ. ಬೆಳಿಗ್ಗೆ ಈ ಭಾಷಣವನ್ನು ಅವಳ ಮುಂದೆ ಓದಿದೆ. ಎರಡು ಕಡೆ ತಡೆದು, "ಹಂಗಂದ್ರೇನು?" ಅಂದಳು. ಆ ಎರಡು ಕಡೆಯೂ ತಿದ್ದಿದ್ದೇನೆ. ಇನ್ನೂ ಯಾರಿಗಾದರೂ ತಿಳಿಯದೆ ಹೋಗಿದ್ದರೆ ಅದು ನನ್ನ ತಪ್ಪು, ಸಭೆ ಮುಗಿದ ಮೇಲೆ ಹಿಡಿದು ಕೇಳಿ.

ಐವತ್ತು ವರ್ಷ ಈ ಊರಿನ ಮಕ್ಕಳನ್ನು ತಿದ್ದಿದ ಈ ಶಾಲೆಗೆ, ಮತ್ತೆ ಮತ್ತೆ ಬರೆಸಿದ ಎಲ್ಲ ಗುರುಗಳಿಗೆ ನನ್ನ ನಮನ.